ಲೈನ್ ಮನೆ, ತಾಂಡಾ, ಕಾಲೊನಿ: ಎಣಿಕೆಗೆ ಸಿಗದವರ ನಡುವೆ ಆರೋಗ್ಯ ಸಂಶೋಧನೆ

ಸಾಂಕ್ರಾಮಿಕ ರೋಗದ ಕಾಲದಲ್ಲಿ ತೋಟದ ಕೂಲಿಯವರು, ತಾಂಡಾದವರು, ಗಿರಿಜನರ ನಡುವೆ ಆರೋಗ್ಯ ಸಂಶೋಧನೆ ಹೇಗೆ ನಡೆಯಬೇಕು ಎಂದು ಕೇಳಿ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಸಮುದಾಯ ಆರೋಗ್ಯ ಮತ್ತು ಕ್ಷೇತ್ರ ಸಮೀಕ್ಷೆಯ ಕೆಲಸ ಬಲ್ಲವರು. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಕೋವಿಡ್ ಹೊತ್ತಿನಲ್ಲಿ ನಮ್ಮ ಕಡೆಯ ಒಂದು ತೋಟಕ್ಕೆ ರಕ್ತದ ಸಮೀಕ್ಷೆಯವರು ಬಂದಿದ್ದರು. ಬೆಳಿಗ್ಗೆ ಹಾಜರಿ ಹಾಕುವ ವೇಳೆಗೆ ರೈಟರು (ತೋಟದ ಗುಮಾಸ್ತರು) ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂದೇ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿಸಿದರು. ಯಾರೂ ಬೇಡ ಅನ್ನಲಿಲ್ಲ. ಹಾಗಾದರೆ ಒಪ್ಪಿಗೆ ಸಿಕ್ಕಿದ ಹಾಗೇ ಅಲ್ಲವೇ?
– ಆಶಾ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು

ಉತ್ತರ: ಅಲ್ಲ ಅಕ್ಕಾ. ಹಾಜರಿ ಹಾಕುವವರ ಎದುರಿಗೆ, ಅವತ್ತಿನ ಕೂಲಿ ಯಾರ ಕೈಯಲ್ಲಿದೆಯೋ ಅವರು ನಿಂತಿರುವಾಗ, 'ಬೇಡ' ಅನ್ನುವ ದಾರಿಯೇ ಇರಲಿಲ್ಲ. ಬೇಡ ಅನ್ನಲು ಆಗದ ಕಡೆ ಹೂಂ ಅಂದದ್ದಕ್ಕೆ ಬೆಲೆ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಊರಿನ ಯಜಮಾನರದೋ, ತೋಟದ ಸಾಹುಕಾರರದೋ, ತಾಂಡಾದ ನಾಯಕರದೋ ಅನುಮತಿ ಒಳಗೆ ಬರುವುದಕ್ಕೆ ಮಾತ್ರ. ರಕ್ತ ಕೊಡುವುದಕ್ಕೆ ಅವರವರ ಒಪ್ಪಿಗೆಯೇ ಆಗಬೇಕು. ಇವೆರಡನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ಕಂಡಿದೆ. 2009ರಲ್ಲಿ ಆಗಿನ ಆಂಧ್ರದ (ಈಗ ತೆಲಂಗಾಣದ) ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ಶುರುವಾದಾಗ, ಹಾಸ್ಟೆಲಿನಲ್ಲಿದ್ದ ಬುಡಕಟ್ಟು ಹೆಣ್ಣುಮಕ್ಕಳ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಸಹಿ ಹಾಕಿದ್ದು ಬಯಲಿಗೆ ಬಂತು. 2010ರ ಏಪ್ರಿಲಿನಲ್ಲಿ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಲಸಿಕೆಯ ಮೇಲಿನ ಜನರ ನಂಬಿಕೆಗೂ ಅದರಿಂದ ಪೆಟ್ಟು ಬಿತ್ತು. ನಿಮ್ಮ ತೋಟದ ರೈಟರು ಮಾಡಿದ್ದೂ ಆ ವಾರ್ಡನ್ ಮಾಡಿದ್ದೂ ಒಂದೇ ಕೆಲಸ.

ಮುಂದಿನ ಸಲ ಯಾರಾದರೂ ಬಂದರೆ ಹೀಗೆ ಮಾಡಿಸಿ. ಮೊದಲ ದಿನ ಸೂಜಿ, ಸಿರಿಂಜು ಏನೂ ತರದೆ ಬರಬೇಕು. ಸಂಜೆ ಆರರ ಮೇಲೆ, ಲೈನ್ ಮನೆಗಳ (ತೋಟದ ಆಳುಗಳ ಸಾಲುಮನೆಗಳ) ಅಂಗಳದಲ್ಲಿ, ರೈಟರು ಮತ್ತು ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ವಿಷಯ ಹೇಳಬೇಕು. ಮೇಸ್ತ್ರಿಯನ್ನು ದುಭಾಷಿ ಮಾಡಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮುಂಗಡ ಕೊಟ್ಟು ಆಳುಗಳನ್ನು ಕರೆತಂದವನು ಅವನೇ; ಅವನ ಬಾಯಿಂದ ಬಂದ ಮಾತು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಅಪ್ಪಣೆಯಾಗಿ ಕೇಳಿಸುತ್ತದೆ. ಅಸ್ಸಾಂ, ಜಾರ್ಖಂಡ್ ಕಡೆಯವರಿಗೆ ಹಿಂದಿ ಹಾಳೆ ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಅವರಲ್ಲಿ ಹಲವರ ಮನೆಮಾತು ಸಾದ್ರಿ, ಬಂಗಾಳಿ, ಅಸ್ಸಾಮಿ. ಆ ಭಾಷೆಯ ಒಬ್ಬ ಹೆಂಗಸು, ಒಬ್ಬ ಗಂಡಸಿನ ದನಿಯಲ್ಲಿ ನಾಲ್ಕೈದು ನಿಮಿಷದ ಮಾಹಿತಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ. ಹೇಳುವ ಮಾತನ್ನು ನೈತಿಕ ಸಮಿತಿಯಿಂದ (ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡಿ ಅನುಮತಿ ಕೊಡುವ ಸಮಿತಿ) ಮೊದಲೇ ಒಪ್ಪಿಸಿಕೊಂಡಿರಬೇಕು. ಅನುವಾದ ಮಾಡಿದವರನ್ನು ಬಿಟ್ಟು ಬೇರೊಬ್ಬರಿಂದ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದರೆ ಅರ್ಥ ಎಲ್ಲಿ ಜಾರಿದೆ ಎಂದು ಗೊತ್ತಾಗುತ್ತದೆ.

ಕನ್ನಡದಲ್ಲೇ ಜಾರುವ ಮಾತುಗಳೂ ಇವೆ. 'ಸಂಶೋಧನೆಗೆ ರಕ್ತ' ಅಂದರೆ ಹೆಚ್ಚಿನವರಿಗೆ 'ತಪಾಸಣೆಗೆ ರಕ್ತ' ಅಂತಲೇ ಕೇಳಿಸುತ್ತದೆ. ಇನ್ನು ಔಷಧಿ ಕೊಡುತ್ತಾರೆ ಎಂದು ಕಾಯುತ್ತಾರೆ. 'ಪಾಸಿಟಿವ್' ಅಂದರೆ ಒಳ್ಳೆಯದು ಅಂದುಕೊಂಡವರೂ ಇದ್ದಾರೆ. ಹಾಗಾಗಿ ಹೇಳಿ ಮುಗಿಸಿದ ಮೇಲೆ 'ಅರ್ಥ ಆಯ್ತಾ' ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. ಮೂರು ಪ್ರಶ್ನೆಗೆ ಅವರ ಬಾಯಲ್ಲೇ ಉತ್ತರ ಹೇಳಿಸಿ: ಈ ರಕ್ತ ಯಾಕೆ ತಗೊಳ್ತಾರೆ? ಕೊಡೋಲ್ಲ ಅಂದ್ರೆ ಕೆಲಸಕ್ಕೋ ಆಸ್ಪತ್ರೆ ಚಿಕಿತ್ಸೆಗೋ ತೊಂದರೆ ಆಗುತ್ತಾ? ಫಲಿತಾಂಶ ಯಾರ್ಯಾರಿಗೆ ಗೊತ್ತಾಗುತ್ತೆ? ಎರಡಕ್ಕೆ ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ ವಿವರಿಸಿ. ಒಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಯೋಜನೆಯ ದಿನಗಳನ್ನು ಲೆಕ್ಕ ಹಾಕುವಾಗಲೇ ಈ ಇಪ್ಪತ್ತು ನಿಮಿಷ ಸೇರಿರಬೇಕು, ಇಲ್ಲದಿದ್ದರೆ ಎರಡನೇ ದಿನವೇ ಸಾಲಿನ ಹೆಬ್ಬೆಟ್ಟು ಶುರುವಾಗುತ್ತದೆ.

ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನಾ ತಂಡಕ್ಕೆ ಸೇರದ, ಓದುಬಲ್ಲ ಸಾಕ್ಷಿಯೊಬ್ಬರು ಮೊದಲಿಂದ ಕೊನೆತನಕ ಜೊತೆಗಿದ್ದು ಸಹಿ ಮಾಡಬೇಕು. ಒಬ್ಬೊಬ್ಬರಿಗೂ ಬೇರೆ ಹಾಳೆ, ಅದರ ಒಂದು ಪ್ರತಿ ಅವರ ಕೈಗೆ. 12ರಿಂದ 18 ವರ್ಷದೊಳಗಿನ ಮಕ್ಕಳಾದರೆ ಹೆತ್ತವರ ಸಹಿಯ ಜೊತೆಗೆ ಮಕ್ಕಳ ಲಿಖಿತ ಸಮ್ಮತಿಯೂ ಬೇಕು. 7ರಿಂದ 12ರ ಒಳಗಿನವರಿಗೆ ಬಾಯಿಮಾತಿನ ಸಮ್ಮತಿ ಸಾಕು.

ಇನ್ನೊಂದು ಮಾತು. 'ಎಲ್ಲ ಗುಟ್ಟಾಗಿಡುತ್ತೇವೆ' ಎಂದು ಪೂರ್ತಿ ಭರವಸೆ ಕೊಡಬೇಡಿ. ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವಾದರೆ ಪಾಸಿಟಿವ್ ಬಂದವರ ವಿವರ ಆರೋಗ್ಯ ಇಲಾಖೆಗೆ ಹೋಗುತ್ತದೆ. 2020ರಲ್ಲಿ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿಕೊಂಡು 14 ದಿನ ಕೂಲಿ ಕಳೆದುಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಮೊದಲೇ ತಿಳಿಸಿದರೆ ಕೆಲವರು ಹಿಂದೆ ಸರಿಯಬಹುದು, ಸರಿಯಲಿ. ಆಮೇಲೆ ತಿಳಿದರೆ ಇಡೀ ಲೈನೇ ಬಾಗಿಲು ಹಾಕಿಕೊಳ್ಳುತ್ತದೆ.

ಪ್ರಶ್ನೆ: ನಾನು ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ. ಒಂದು ತಾಲ್ಲೂಕಿನಲ್ಲಿ 400 ಜನರ ಆಂಟಿಬಾಡಿ ಸಮೀಕ್ಷೆ (ಸೋಂಕು ತಗುಲಿತ್ತೇ ಎಂದು ರಕ್ತದಲ್ಲಿ ನೋಡುವುದು) ಮಾಡಬೇಕೆಂದಿದ್ದೇನೆ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿದರೆ ಎಲ್ಲ ಸಮುದಾಯದವರೂ ತಾವಾಗಿಯೇ ಬರುವುದಿಲ್ಲವೇ?
– ಹಾಸನ

ಉತ್ತರ: ಬರುತ್ತಾರೆ, ಆದರೆ ಲೆಕ್ಕಕ್ಕೆ ಸಾಲುವಷ್ಟು ಬರುವುದಿಲ್ಲ. ನಿಮ್ಮ ತಾಲ್ಲೂಕಿನ ಜನಸಂಖ್ಯೆಯಲ್ಲಿ ತಾಂಡಾದವರು ಶೇ. 5 ಇದ್ದಾರೆ ಅಂದುಕೊಳ್ಳಿ. 400ರಲ್ಲಿ ಅವರು 20 ಜನ. ಅವರಲ್ಲಿ ಅರ್ಧದಷ್ಟು ಜನರಿಗೆ ಸೋಂಕು ತಗುಲಿತ್ತು ಎಂದು ಕಂಡರೆ ನಿಮ್ಮ ಅಂದಾಜು ಆ ಕಡೆ 22, ಈ ಕಡೆ 22 ಅಂಶ ತೂಗಾಡುತ್ತದೆ. ಶೇ. 28ರಿಂದ 72ರವರೆಗೆ ಏನು ಬೇಕಾದರೂ ಇರಬಹುದು ಎಂದಂತಾಯಿತು. 20ರ ಬದಲು 200 ಜನರನ್ನು ನೋಡಿದರೆ ತೂಗಾಟ 7 ಅಂಶಕ್ಕೆ ಇಳಿಯುತ್ತದೆ. ಹಾಗಾಗಿ ಆ ಗುಂಪಿನಿಂದ ಬೇಕೆಂದೇ ಹೆಚ್ಚು ಜನರನ್ನು ತೆಗೆದುಕೊಂಡು, ತಾಲ್ಲೂಕಿನ ಒಟ್ಟು ಲೆಕ್ಕ ಹೇಳುವಾಗ ಮತ್ತೆ ತೂಕ ಸರಿಪಡಿಸಬೇಕು.

ಈ ತೂಕ ಹಾಕುವುದನ್ನು ಮರೆತರೆ ಅನಾಹುತ. 200 ಜನ ತಾಂಡಾದವರಲ್ಲಿ ಶೇ. 60, ಉಳಿದ 380 ಜನರಲ್ಲಿ ಶೇ. 20 ಸಿಕ್ಕಿದೆ ಅನ್ನಿ. ಸುಮ್ಮನೆ ಕೂಡಿ ಭಾಗಿಸಿದರೆ ಸುಮಾರು ಶೇ. 34 ಬರುತ್ತದೆ. ಜನಸಂಖ್ಯೆಯ ಪಾಲಿಗೆ ತಕ್ಕಂತೆ ತೂಗಿದರೆ ಶೇ. 22. ಮೊದಲನೆಯದನ್ನು ಪತ್ರಿಕೆಗೆ ಕೊಟ್ಟರೆ ತಾಲ್ಲೂಕೂ ಬೆಚ್ಚುತ್ತದೆ, ತಾಂಡಾದ ಮೇಲೂ ಆರೋಪ ಬರುತ್ತದೆ.

ಎರಡನೆಯದು, ನಿಮ್ಮ ಪಟ್ಟಿಯೇ ತೂತು. ತೋಟದಲ್ಲಿ ವರ್ಷಗಟ್ಟಲೆ ಇರುವ ಅಸ್ಸಾಮಿನವರ ಹೆಸರು ಅಸ್ಸಾಮಿನ ಮತಪಟ್ಟಿಯಲ್ಲಿರುತ್ತದೆ. ಆಶಾ ಅವರ ಮನೆಪಟ್ಟಿಯಲ್ಲೂ ತೋಟದೊಳಗಿನ ಲೈನ್‌ಗಳು ಎಷ್ಟೋ ಕಡೆ ಬಿಟ್ಟುಹೋಗಿರುತ್ತವೆ. ಗ್ರಾಮ ಪಂಚಾಯ್ತಿಯಿಂದ ತೋಟಗಳ ಪಟ್ಟಿ ಪಡೆದು, ಕಾಲ್ನಡಿಗೆಯಲ್ಲಿ ಹೋಗಿ, ಒಂದೊಂದು ಲೈನ್ ಮನೆಗೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ನೀವೇ ಪಟ್ಟಿ ಕಟ್ಟಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

200 ಜನ ಬೇಕೆಂದು ಐದು ಲೈನ್‌ಗಳಲ್ಲಿ ತಲಾ 40 ಜನರನ್ನು ಹಿಡಿಯಬೇಡಿ. ಒಂದೇ ಗೋಡೆಯ ಆಚೀಚೆ ಮಲಗುವವರಿಗೆ ಸೋಂಕು ಒಟ್ಟಿಗೇ ತಗುಲುತ್ತದೆ. 40 ಜನರಿಂದ ಸಿಗುವುದು ಹತ್ತಿಪ್ಪತ್ತು ಜನರಷ್ಟೇ ಮಾಹಿತಿ. 20 ಲೈನ್‌ಗಳಲ್ಲಿ ತಲಾ 10 ಜನ ಮೇಲು. ಮನೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವುದೂ ತಪ್ಪು. ಹಾಗೆ ಮಾಡಿದರೆ ಹಗಲು ಮನೆಯಲ್ಲಿ ಸಿಗುವ ಮುದುಕರು, ಬಾಣಂತಿಯರೇ ನಿಮ್ಮ ಪಟ್ಟಿ ತುಂಬುತ್ತಾರೆ, ದುಡಿಯುವ ವಯಸ್ಸಿನವರು ಕಾಣೆಯಾಗುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಾರದ ರಜೆಯ ದಿನ ಒಮ್ಮೆ, ಹೀಗೆ ಮೂರು ಸಲ ಹೋಗಿ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ಬರೆಯಿರಿ.

ಪ್ರಶ್ನೆ: ನಮ್ಮ ತೋಟದ ಆಳುಗಳಿಗೆ ಸಮೀಕ್ಷೆಯವರು ಹಣ ಕೊಡುವುದಾಗಿ ಹೇಳುತ್ತಾರೆ. ಅದು ಆಮಿಷವಾಗುವುದಿಲ್ಲವೇ? ಕುಯ್ಲಿನ ಸಮಯದಲ್ಲಿ ಬಂದರೆ ನಮಗೂ ಕಷ್ಟ. ಮತ್ತು ಯಾರಿಗೆ ಸೋಂಕಿದೆ ಎಂದು ನಮಗೆ ತಿಳಿಸಬೇಕಲ್ಲವೇ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಕಳೆದುಹೋದ ಕೂಲಿ, ಬಸ್ ಚಾರ್ಜು ಕೊಡುವುದು ಆಮಿಷವಲ್ಲ, ನ್ಯಾಯ. ಅರ್ಧ ದಿನ ಹಿಡಿದರೆ ನಿಮ್ಮ ತೋಟದ ಅರ್ಧ ದಿನದ ಕೂಲಿ. ಮಧ್ಯದಲ್ಲಿ 'ಸಾಕು, ನಾನು ಹೊರಟೆ' ಅಂದವರಿಗೂ ಅಷ್ಟೇ ಕೊಡಬೇಕು. ಪೂರ್ತಿ ಮುಗಿಸಿದರೆ ಮಾತ್ರ ಹಣ ಎಂದರೆ ಆಗ ಅದು ಕಟ್ಟಿಹಾಕಿದಂತೆ. ಹಣದ ಮೊತ್ತವನ್ನು ಮೊದಲೇ ಕೂಗಿ, ಉದ್ದೇಶವನ್ನು ಕೊನೆಗೆ ಗೊಣಗುವುದೇ ನಿಜವಾದ ಅಪಾಯ. 2021ರ ಜನವರಿಯಲ್ಲಿ ಭೋಪಾಲದಲ್ಲಿ ಅನಿಲ ದುರಂತದ ಸಂತ್ರಸ್ತರು ವಾಸಿಸುವ ಬಡಾವಣೆಗಳ ಕೆಲವರು, 750 ರೂಪಾಯಿ ಸಿಗುತ್ತದೆಂದು ಹೋದೆವು, ಅದು ಲಸಿಕೆಯ ಪ್ರಯೋಗ ಎಂದು ತಿಳಿದಿರಲಿಲ್ಲ ಎಂದು ದೂರಿದರು. ಪ್ರಯೋಗ ನಡೆಸಿದವರು ಅದನ್ನು ಅಲ್ಲಗಳೆದರು. ಯಾರ ಮಾತು ನಿಜವೇ ಇರಲಿ, ಹಣ ಮೊದಲು ಕೇಳಿಸಿದ ಕಡೆ ಇಂಥ ಗೊಂದಲ ಹುಟ್ಟಿಯೇ ಹುಟ್ಟುತ್ತದೆ.

ಕುಯ್ಲಿನ ಬಗ್ಗೆ ನಿಮ್ಮ ಮಾತು ಸರಿ. ಅರೇಬಿಕಾ ನವೆಂಬರಿನಿಂದ ಜನವರಿ, ರೋಬಸ್ಟಾ ಮಾರ್ಚಿನವರೆಗೆ. ಕಿಲೋ ಲೆಕ್ಕದಲ್ಲಿ ಕುಯ್ಯುವವರು ಒಂದು ಗಂಟೆ ಬಿಟ್ಟರೂ ಕಳೆದುಕೊಳ್ಳುವುದು ದಿನಗೂಲಿಯವರಿಗಿಂತ ಹೆಚ್ಚು. ಆದರೆ ಹೊರಗಿನ ಆಳುಗಳು ಬಂದು ಸೇರುವುದೂ ಆಗಲೇ. ರೋಗ ಬಂದರೆ ಹರಡುವುದೂ ಆಗಲೇ. ಹಾಗಾಗಿ ಕುಯ್ಲು ಮುಗಿಯಲಿ ಎಂದು ಕಾಯುವ ಬದಲು, ರಜೆಯ ದಿನ ಅಥವಾ ಸಂತೆಯ ದಿನ ಮಧ್ಯಾಹ್ನದ ಮೇಲೆ ಬನ್ನಿ ಎಂದು ತಂಡಕ್ಕೆ ಹೇಳಿ. ನೀವು ಮಾಡಬಹುದಾದ ದೊಡ್ಡ ಉಪಕಾರ: ಒಂದು ಕೋಣೆ, ನೀರು, ಕೈ ತೊಳೆಯುವ ಜಾಗ, ಮತ್ತು 'ಕೊಟ್ಟರೂ ಸರಿ, ಕೊಡದಿದ್ದರೂ ಸರಿ' ಎಂಬ ಒಂದು ಮಾತು. ಅದನ್ನು ಹೇಳಿ ಅಲ್ಲಿಂದ ಹೊರಟುಬಿಡಿ.

ಯಾರಿಗೆ ಸೋಂಕು ಎಂಬುದನ್ನು ತಂಡದವರು ನಿಮಗೆ ಹೇಳಕೂಡದು. ಪ್ರತ್ಯೇಕ ಇರಿಸಬೇಕಾದರೆ ಆರೋಗ್ಯ ಇಲಾಖೆಯವರೇ ನಿಮ್ಮನ್ನು ಸಂಪರ್ಕಿಸುತ್ತಾರೆ.

ಪ್ರಶ್ನೆ: ಸಾಂಕ್ರಾಮಿಕದ ಸಮಯದಲ್ಲಿ ಮನೆಮನೆಗೆ ಹೋಗುವುದು ಅಪಾಯವಲ್ಲವೇ? ಫೋನಿನಲ್ಲೇ ಕೇಳಿದರೆ ಸಾಲದೇ?
– ಕಳಸ

ಉತ್ತರ: ನಿಮ್ಮ ಕಡೆ ಗುಡ್ಡ ಹತ್ತಿದರೆ ಸಿಗ್ನಲ್, ಇಳಿದರೆ ಇಲ್ಲ, ನಿಮಗೇ ಗೊತ್ತು. ಮನೆಗೊಂದು ಫೋನ್ ಇದ್ದರೆ ಅದು ಗಂಡಸಿನ ಜೇಬಿನಲ್ಲಿರುತ್ತದೆ, ಹೆಂಗಸಿನ ಜ್ವರದ ಬಗ್ಗೆ ಗಂಡಸು ಉತ್ತರಿಸುತ್ತಾನೆ. 2021ರ ಮೇ ತಿಂಗಳಲ್ಲಿ 18ರಿಂದ 44ರವರ ಲಸಿಕೆಗೆ ಮೊದಲು ಆನ್‌ಲೈನ್ ನೋಂದಣಿ ಮಾತ್ರ ಎಂದಿದ್ದ ಸರ್ಕಾರವೇ, ಅದೇ ತಿಂಗಳು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಡಬೇಕಾಯಿತು. ಫೋನನ್ನು ಮತ್ತೆ ವಿಚಾರಿಸಲು ಬಳಸಿ. ಮೊದಲ ಭೇಟಿ ಅಂಗಳದಲ್ಲಿ, ಗಾಳಿ ಆಡುವ ಕಡೆ, ಮಾಸ್ಕ್ ಹಾಕಿ, ಒಂದೂವರೆ ಎರಡು ಮೀಟರ್ ದೂರದಲ್ಲಿ ಆಗಲಿ. ಒಳಗೆ ಹೋಗುವ ಅಗತ್ಯವಿಲ್ಲ.

ಪ್ರಶ್ನೆ: ತೋಟಗಳಿಂದ ತಂದ ರಕ್ತದ ಮಾದರಿಗಳಲ್ಲಿ ಹಲವು ಲ್ಯಾಬ್ ತಲುಪುವಷ್ಟರಲ್ಲಿ ಕಣಗಳು ಒಡೆದು, ಮೇಲಿನ ತಿಳಿಯೂ ಕೆಂಪಾಗಿ ಹಾಳಾಗಿರುತ್ತವೆ. ಮತ್ತೆ ಕೇಳಲು ಹೋದರೆ ಜನ ಕೊಡುವುದಿಲ್ಲ.
– ಲ್ಯಾಬ್ ಟೆಕ್ನಿಷಿಯನ್, ಕೊಪ್ಪ

ಉತ್ತರ: ಕೊಡದೇ ಇರುವುದು ಸಹಜ. ಒಮ್ಮೆ ಕೊಟ್ಟ ರಕ್ತವನ್ನು ಚೆಲ್ಲಿದವರನ್ನು ಯಾರು ನಂಬುತ್ತಾರೆ? ಹಾಳಾಗುವ ಕಾರಣಗಳು ಮಲೆನಾಡಿನಲ್ಲಿ ಹೆಚ್ಚುಕಡಿಮೆ ಮೂರೇ. ಮೊದಲನೆಯದು ಮಂಜುಗಡ್ಡೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ನೇರವಾಗಿ ಕೊಳವೆಗೆ ತಾಗಿದರೆ ರಕ್ತ ಮಂಜುಗಟ್ಟಿ ಕಣಗಳು ಒಡೆಯುತ್ತವೆ. ಪ್ಯಾಕಿನ ಮೇಲೆ ನೀರು ಬೆವರಿ, ಅಲ್ಲಾಡಿಸಿದರೆ ಒಳಗೆ ಸದ್ದಾಗುವ ತನಕ ಹೊರಗಿಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ, ನಡುವೆ ರಟ್ಟು ಕೊಡಿ. ಒಳಗಿನ ಥರ್ಮಾಮೀಟರ್ 2ರಿಂದ 8 ಡಿಗ್ರಿ ತೋರಿಸಬೇಕು. ಎರಡು ಗಂಟೆಗೊಮ್ಮೆ ನೋಡಿ ಬರೆದಿಡಿ. ಎರಡನೆಯದು ಆತುರ. ಹಳದಿ ಮುಚ್ಚಳದ ಜೆಲ್ ಕೊಳವೆಯನ್ನು ಐದು ಸಲ ನಿಧಾನಕ್ಕೆ ತಲೆಕೆಳಗು ಮಾಡಿ, ನೆರಳಲ್ಲಿ 30 ನಿಮಿಷ ನೆಟ್ಟಗೆ ನಿಲ್ಲಿಸಿ, ರಕ್ತ ಗರಣೆ ಕಟ್ಟಿದ ಮೇಲಷ್ಟೇ ತಂಪಿಗೆ ಇಡಬೇಕು. ಮೂರನೆಯದು ಘಟ್ಟದ ರಸ್ತೆ. ಕೊಳವೆಗಳು ಅಡ್ಡ ಬಿದ್ದು ಕುಲುಕಿದರೆ ಮುಗಿಯಿತು. ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಸುತ್ತ ಸ್ಪಂಜು ತುಂಬಿ.

ಇದೆಲ್ಲಕ್ಕಿಂತ ಒಳ್ಳೆಯದೆಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅವತ್ತೇ ರಕ್ತವನ್ನು ಯಂತ್ರದಲ್ಲಿ (ಸೆಂಟ್ರಿಫ್ಯೂಜ್) ಗಿರಗಿರ ತಿರುಗಿಸಿ ಸೀರಂ, ಅಂದರೆ ತಿಳಿ, ಬೇರ್ಪಡಿಸುವುದು: 1,000ದಿಂದ 1,300 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ 10 ನಿಮಿಷ. ಯಂತ್ರದ ಮೇಲಿನ ಆರ್‌ಪಿಎಂ (ನಿಮಿಷದ ಸುತ್ತು) ಒಂದನ್ನೇ ನೋಡಬೇಡಿ, ರೋಟರಿನ ಅಳತೆ ಬೇರೆಯಾದರೆ ಅದೇ ಆರ್‌ಪಿಎಂಗೆ ಬಲವೂ ಬೇರೆ. ಮಳೆಗಾಲದಲ್ಲಿ ಹೊರಡುವ ಮೊದಲು ಕರೆಂಟ್ ಇದೆಯೇ ಎಂದು ಫೋನ್ ಮಾಡಿ. ಒಂದೇ ಸಂಖ್ಯೆಯ ಮೂರು ಸ್ಟಿಕ್ಕರ್ ಮೊದಲೇ ಮುದ್ರಿಸಿಕೊಂಡು, ಕೊಳವೆಗೊಂದು, ಪ್ರಶ್ನಾವಳಿಗೊಂದು, ಒಪ್ಪಿಗೆ ಪತ್ರಕ್ಕೊಂದು, ರಕ್ತ ಕೊಟ್ಟವರ ಎದುರಲ್ಲೇ ಅಂಟಿಸಿ. ಕೊಳವೆಯ ಮೇಲೆ ಹೆಸರು ಬೇಡ. ಮತ್ತು ಕೇಳಿದವರಿಗೆ 3 ಮಿಲಿ ನೀರನ್ನು ಟೀ ಚಮಚಕ್ಕೆ ಹಾಕಿ ತೋರಿಸಿ. ಚಮಚ ತುಂಬುವುದೂ ಇಲ್ಲ. 'ಬಾಟಲಿ ರಕ್ತ ಎಳೆಯುತ್ತಾರೆ' ಎಂಬ ಸುದ್ದಿ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ಬೆರಳಿಗೆ ಹಾಕುವ ಆಕ್ಸಿಮೀಟರ್ ಲೆಕ್ಕ ಎಲ್ಲರಿಗೂ ಒಂದೇ ಅಲ್ಲವೇ? ಇದರಲ್ಲಿ ಸಮುದಾಯದ ಮಾತು ಯಾಕೆ?
– ಅರಸೀಕೆರೆ

ಉತ್ತರ: ಒಂದೇ ಅಂದುಕೊಂಡಿದ್ದೇ ತಪ್ಪಾಗಿತ್ತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಕಾರ, ಮೀಟರ್ 92ರಿಂದ 96 ತೋರಿಸುತ್ತಿರುವಾಗಲೂ ರಕ್ತದಲ್ಲಿ ಆಮ್ಲಜನಕದ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗ ಕಪ್ಪು ವರ್ಣೀಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಯಾರ ಬೆರಳ ಮೇಲೆ ಪರೀಕ್ಷಿಸಿ ಉಪಕರಣ ತಯಾರಾಯಿತೋ ಅವರಿಗೆ ಅದು ಸರಿ ಓದುತ್ತದೆ. ನಮ್ಮ ಕಡೆ ಬಿಸಿಲು, ಮಳೆಯಲ್ಲಿ ದುಡಿದ ಒರಟು ಬೆರಳು, ತಣ್ಣಗಿನ ಕೈ, ಉಗುರ ಮೇಲಿನ ಮೆಹಂದಿ ಕೂಡ ಸೇರಿಕೊಳ್ಳುತ್ತವೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅರ್ಧ ನಿಮಿಷ ಕಾದು ಓದಿ. ಏದುಸಿರು ಬಿಡುತ್ತಿರುವವರನ್ನು ಮೀಟರ್ 95 ತೋರಿಸಿದರೂ ಆಸ್ಪತ್ರೆಗೆ ಕಳಿಸಿ. ಗರ್ಭಿಣಿಯರ ವಿಷಯವೂ ಹೀಗೇ. ಮೊದಲ ಲಸಿಕೆ ಪ್ರಯೋಗಗಳಿಂದ ಅವರನ್ನು ಹೊರಗಿಟ್ಟಿದ್ದರಿಂದ ನಮ್ಮ ದೇಶದಲ್ಲಿ ಅವರಿಗೆ ಕೋವಿಡ್ ಲಸಿಕೆಯ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ, ಎರಡನೇ ಅಲೆ ದಾಟಿದ ಮೇಲೆ.

ಪ್ರಶ್ನೆ: ನಮ್ಮದು ಹಕ್ಕಿಪಿಕ್ಕಿ ಕಾಲೊನಿ. ಬರುತ್ತಾರೆ, ರಕ್ತ ತೆಗೆದುಕೊಳ್ಳುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ, ಹೋಗುತ್ತಾರೆ. ಏನು ಸಿಕ್ಕಿತು ಅಂತ ಯಾರೂ ತಿರುಗಿ ಬಂದು ಹೇಳಿಲ್ಲ. ನಾವೇನು ಕೇಳಬಹುದು?
– ಬೇಲೂರು ತಾಲ್ಲೂಕು

ಉತ್ತರ: ಬಹಳ ಕೇಳಬಹುದು, ಮತ್ತು ರಕ್ತ ಕೊಡುವ ಮೊದಲೇ ಕೇಳಬೇಕು. ನೈತಿಕ ಸಮಿತಿಯ ಅನುಮತಿ ಪತ್ರ ತೋರಿಸಿ ಎನ್ನಿ. ಅದರಲ್ಲಿ ಸಂಖ್ಯೆ, ದಿನಾಂಕ, ಸಮಿತಿಯ ಫೋನ್ ಇರುತ್ತದೆ. ಹೊಸ ಔಷಧಿಯ ಪ್ರಯೋಗವಾದರೆ 2019ರ ನಿಯಮದಂತೆ ಆ ಸಮಿತಿಯಲ್ಲಿ ಕನಿಷ್ಠ 7 ಜನ, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರು, ಒಬ್ಬ ಜನಸಾಮಾನ್ಯ ಪ್ರತಿನಿಧಿ, ಒಬ್ಬ ಮಹಿಳೆ ಇರಬೇಕು. ಉಳಿದ ರಕ್ತವನ್ನು ಎಷ್ಟು ವರ್ಷ ಇಡುತ್ತೀರಿ, ಬೇರೆ ಪರೀಕ್ಷೆಗೆ ಬಳಸುತ್ತೀರಾ, ಬೇಡವೆಂದರೆ ನಾಶ ಮಾಡುತ್ತೀರಾ ಎಂದು ಕೇಳಿ. ಒಪ್ಪಿಗೆ ಪತ್ರದಲ್ಲಿ 'ಮುಂದಿನ ಸಂಶೋಧನೆಗೆ' ಎಂಬ ಸಾಲಿಗೆ ಬೇರೆಯೇ ಹೌದು–ಇಲ್ಲ ಚೌಕ ಇರಬೇಕು. ಫೋಟೊಗೂ ಬೇರೆ ಒಪ್ಪಿಗೆ.

ವರದಿಯಲ್ಲಿ ನಿಮ್ಮ ಜಾತಿ, ಊರಿನ ಹೆಸರು ಹೇಗೆ ಬರುತ್ತದೆ ಎಂಬುದನ್ನು ಮರೆಯದೆ ಕೇಳಿ. ವ್ಯಕ್ತಿಯ ಹೆಸರು ಮುಚ್ಚಿಟ್ಟು ಕಾಲೊನಿಯ ಹೆಸರು ಅಚ್ಚು ಮಾಡಿದರೆ ಇಡೀ ಕಾಲೊನಿಯ ಮೇಲೆ ರೋಗದ ಹಣೆಪಟ್ಟಿ ಬೀಳುತ್ತದೆ. ಸಂತೆಯಲ್ಲಿ ನಿಮ್ಮಿಂದ ಸರಕು ಕೊಳ್ಳುವವರು ದೂರ ಸರಿಯುತ್ತಾರೆ. 'ಬೇಲೂರು ತಾಲ್ಲೂಕಿನ ಒಂದು ಜನವಸತಿ' ಎಂದು ಬರೆದರೂ ವಿಜ್ಞಾನಕ್ಕೆ ನಷ್ಟವಿಲ್ಲ. ಕರಡನ್ನು ಪ್ರಕಟಿಸುವ ಮೊದಲು ನಿಮ್ಮ ಹಿರಿಯರಿಗೂ ಹೆಂಗಸರಿಗೂ ವಾಗ್ರಿ ಭಾಷೆಯಲ್ಲಿ ಓದಿ ಹೇಳುವಂತೆ ಒಪ್ಪಂದ ಮಾಡಿಕೊಳ್ಳಿ.

ಫಲಿತಾಂಶ ತಿಳಿಸುವುದಕ್ಕೆ ದಿನಾಂಕ ಬರೆಸಿಕೊಳ್ಳಿ: ಸ್ವಂತ ಫಲಿತಾಂಶ ಇಷ್ಟು ದಿನದೊಳಗೆ ಕೈಗೆ, ಊರಿನ ಒಟ್ಟು ಫಲಿತಾಂಶ ಇಷ್ಟು ತಿಂಗಳೊಳಗೆ ಸಭೆಯಲ್ಲಿ. ನಿಮ್ಮವರು ವ್ಯಾಪಾರಕ್ಕೆ ತಿಂಗಳುಗಟ್ಟಲೆ ಹೊರಗಿರುವ ಸಮಯ ಯಾವುದು ಎಂಬುದನ್ನು ಮೊದಲೇ ಹೇಳಿ, ಖಾಲಿ ಕಾಲೊನಿಗೆ ಬಂದು 'ಜನ ಸಹಕರಿಸಲಿಲ್ಲ' ಎಂದು ಬರೆದುಕೊಂಡು ಹೋಗದಿರಲಿ.

ಪ್ರಶ್ನೆ: ಮಹಾಮಾರಿ ಬಂದಾಗ ಇಷ್ಟೆಲ್ಲ ಮಾಡಲು ಸಮಯ ಎಲ್ಲಿರುತ್ತದೆ?
– ಗ್ರಾಮ ಪಂಚಾಯ್ತಿ ಸದಸ್ಯೆ, ನರಸಿಂಹರಾಜಪುರ ತಾಲ್ಲೂಕು

ಉತ್ತರ: ಇರುವುದಿಲ್ಲ. ಅದಕ್ಕೇ ಈಗ ಮಾಡಬೇಕು. ಸಮಿತಿಗಳ ಕೆಲಸ ಬೇಗ ಆಗಬಲ್ಲದು. 2020ರ ಏಪ್ರಿಲಿನಲ್ಲಿ ಐಸಿಎಂಆರ್ ನೈತಿಕ ಸಮಿತಿಗಳು ಆನ್‌ಲೈನ್‌ನಲ್ಲಿ ಸೇರಿ ತುರ್ತಾಗಿ ಪರಿಶೀಲಿಸಲು ದಾರಿ ಮಾಡಿಕೊಟ್ಟಿತು. ಆದರೆ ಜನರ ಪರಿಚಯವನ್ನು ತುರ್ತಾಗಿ ಮಾಡಿಕೊಳ್ಳಲು ಯಾವ ಸಮಿತಿಯೂ ಅನುಮತಿ ಕೊಡಲಾರದು.

ನಿಮ್ಮ ತಾಲ್ಲೂಕಿಗೆ ಇದನ್ನು ಕಲಿಯಲು ಪ್ರತಿ ವರ್ಷ ಒಂದು ಕಾರಣ ಬರುತ್ತದೆ: ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಿಗೂ ಬಂದಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಸೌದೆಗೆ, ದರಗಿಗೆ (ಒಣ ಎಲೆಗೆ) ಕಾಡಿಗೆ ಹೋಗುವವರೇ ಅದಕ್ಕೆ ಮೊದಲು ತುತ್ತಾಗುವವರು. ಮಂಗ ಸತ್ತಿದ್ದನ್ನು ಮೊದಲು ಕಾಣುವವರೂ ಅವರೇ. ಈ ಕೆಲಸಕ್ಕೆಂದು ಹತ್ತು ಹನ್ನೆರಡು ಜನರ ಒಂದು ಗುಂಪು ಕಟ್ಟಿ. ಅರ್ಧದಷ್ಟು ಹೆಂಗಸರಿರಲಿ, ಲೈನ್ ಮನೆಯವರು, ಗಿರಿಜನ ಹಾಡಿಯವರು, ಹೊರರಾಜ್ಯದ ಆಳುಗಳಲ್ಲಿ ಇಬ್ಬರು, ಒಬ್ಬ ಆಶಾ. ರೈಟರು, ಮೇಸ್ತ್ರಿ ಬೇಡ. ಎರಡು ತಿಂಗಳಿಗೊಮ್ಮೆ, ಸಂತೆಯ ದಿನ, ಬಂದವರ ಬಸ್ ಚಾರ್ಜು, ಕಳೆದ ಕೂಲಿ ಕೊಟ್ಟು ಸೇರಿಸಿ. ಸಂಶೋಧನೆಗೆ ಬರುವವರು ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು ಈ ಗುಂಪಿನ ಮುಂದೆ ಓದಲಿ.

ಆಗ ಪ್ರಶ್ನೆಗಳೇ ಬದಲಾಗುತ್ತವೆ. 'ಕಾಡಿಗೆ ಹೋಗುವಾಗ ಉಣುಗು ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೀರಾ' ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. 'ಕೊಟ್ಟ ಬಾಟಲಿಯಲ್ಲಿ ಎಷ್ಟು ಉಳಿದಿದೆ, ತೋರಿಸಿ' ಎಂದರೆ ನಿಜ ಕಾಣುತ್ತದೆ. ವಾಸನೆ, ಉರಿ, ಬೆವರಿಗೆ ಕರಗಿ ಕಣ್ಣಿಗಿಳಿಯುವುದು ಎಲ್ಲ ಮಾತಿಗೆ ಬರುತ್ತದೆ. ಗುಂಪು ಯಾವ ಪ್ರಶ್ನೆಯನ್ನು ತೆಗೆಸಿತು, ಯಾವುದನ್ನು ಸೇರಿಸಿತು, ಯಾಕೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದು ಪಂಚಾಯ್ತಿ ಕಚೇರಿಯಲ್ಲೇ ಇಡಿ. ಸಂಶೋಧಕರು ಬದಲಾದರೂ ಆ ಪುಸ್ತಕ ಊರಲ್ಲೇ ಇರಬೇಕು.